ಮಾವನವರ ಕಾಲಿನ ಹೆಬ್ಬೆರಳು

ಈಜಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಮೂವತ್ತಾರನೆಯ ವಯಸ್ಸಿನವರೆಗೂ ನಂಬಿದ್ದೆ. ಅಷ್ಟೇ ಅಲ್ಲ, ಕೇಳದವರಿಗೂ ಹೇಳಿಕೊಡುತ್ತಿದ್ದೆ. ಧರ್ಮಪುರಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟೈಪಿಸ್ಟ್. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಯಾರಾದರೂ ಪಾಪ "ಬಿಸಿಲು ಜಾಸ್ತಿ" ಅಂದರೂ ಸಾಕು, "ಈಜಬೇಕು ಸಾರ್, ಈಜಬೇಕು!" ಎಂದು ಶುರು ಮಾಡಿ, ಮೊಸರನ್ನ ಮುಗಿಯುವಷ್ಟರಲ್ಲಿ ಅವರನ್ನು ಅರ್ಧ ಮುಳುಗಿಸಿಬಿಡುತ್ತಿದ್ದೆ.

ನನ್ನ ವಿದ್ಯೆ ಸುಮ್ಮನೆ ಬಂದದ್ದಲ್ಲ. ನಮ್ಮೂರಲ್ಲಿ ತಾತನ ಹೊಲದ ನಡುವೆ ಒಂದು ದುಂಡನೆಯ ಕಲ್ಲುಬಾವಿ ಇತ್ತು. ನನಗೆ ಆರು ವರ್ಷವಾದಾಗ ತಾತ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, "ಮಾದೇಸಾ" ಎಂದು ದೇವರನ್ನು ನೆನೆದು, ಹಿಂದಿನಿಂದ ತಳ್ಳಿದರು. ಪಾಠ ಅಷ್ಟೇ. ಬುರುಡೆ ಬಿಚ್ಚುವ ಹೊತ್ತಿಗೆ ನಾನು ಬಾವಿಯನ್ನು ನಿಲ್ಲದೆ ನಲವತ್ತು ಸುತ್ತು ಹಾಕುತ್ತಿದ್ದೆ. ಬಾವಿಗೂ ಕಾನೂನುಗಳಿದ್ದವು. ಎಲ್ಲರೂ ಎಡಕ್ಕೇ ಸುತ್ತಬೇಕು, ಇಲ್ಲದಿದ್ದರೆ ತಲೆಗೆ ತಲೆ ಡಿಕ್ಕಿ. ಈಜುವಾಗ ತಲೆ ಎತ್ತಿಯೇ ಇರಬೇಕು, ಏಕೆಂದರೆ ಮೇಲಿನಿಂದ ಯಾರು ಯಾವ ಗಳಿಗೆಯಲ್ಲಿ ನಮ್ಮ ಮೇಲೆ ಹಾರುತ್ತಾರೋ ಹೇಳುವಂತಿಲ್ಲ. ಈ ಎರಡು ಕಾನೂನುಗಳನ್ನು ನಾನು ಮೂವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದೆ. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ನನ್ನ ಹೆಂಡತಿ ಗೌರಿಯ ತವರು ಕೊಳತ್ತೂರಿನ ಆಚೆ, ಪಾಲಮಲೆಯ ಕೆಳಗೆ, ಮೇಟ್ಟೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿದೆ. ನನ್ನ ಮಾವ ಮಾದಪ್ಪನವರು ಅಲ್ಲಿ ಪರಿಸಲು ಹಾಕುತ್ತಿದ್ದರು. ಪರಿಸಲು ಎಂದರೆ ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ತಾರು ಬಳಿದ ಗೋಣಿ, ಒಳಗೆ ಈ ದಡದ ಜನ, ಆಡು, ರಾಗಿಮೂಟೆ, ಒಮ್ಮೊಮ್ಮೆ ಒಂದು ಸೈಕಲ್ಲು. ಎಲ್ಲವನ್ನೂ ಒಂದೇ ಒಂದು ಹುಟ್ಟಿನಿಂದ, ಅವರ ಮಾತಿನಲ್ಲಿ ತುಡುಪಿನಿಂದ, ಮಾವ ಆಚೆ ದಡಕ್ಕೆ ಸೇರಿಸುತ್ತಿದ್ದರು. ಅರವತ್ತಾರು ವರ್ಷ, ಕಡ್ಡಿಯಂಥ ಆಳು, ಮಾತು ಅದಕ್ಕಿಂತ ಸಣ್ಣದು.

ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾನು ಆ ಪರಿಸಲನ್ನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಮಾವ ನನಗೆ ಹೇಳುತ್ತಿದ್ದದ್ದು ಒಂದೇ ಮಾತು.

"ನಡೂಕೆ ಕೂತ್ಕಳಿ ಮಾಪ್ಳೆ. ಮೂಟೆ ಪಕ್ಕ. ಅಲ್ಲಾಡ್ಬೇಡಿ."

ಮಾಪ್ಳೆ ಎಂದರೆ ಅಳಿಯ. ಸರ್ಕಾರಿ ನೌಕರ, ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಟೈಪ್ ಮಾಡಬಲ್ಲವನು, ರಾಗಿಮೂಟೆಯ ಪಕ್ಕದಲ್ಲಿ ಇನ್ನೊಂದು ಮೂಟೆಯಾಗಿ ಕೂರುತ್ತಿದ್ದೆ. ಗೌರಿ ಮಾತ್ರ ಅಂಚಿನಲ್ಲಿ ಆರಾಮಾಗಿ ಕೂತು, ಅಪ್ಪನಿಗೆ ಕೆಮ್ಮು ಬಂದರೆ ಹುಟ್ಟು ಇಸಿದುಕೊಂಡು ತಾನೇ ನಡೆಸುತ್ತಿದ್ದಳು. ಅವಳ ತಮ್ಮಂದಿರೂ ಅಷ್ಟೇ. ಆ ಮನೆಯಲ್ಲಿ ಹುಟ್ಟು ಹಿಡಿಯದ ಗಂಡಸು ನಾನೊಬ್ಬನೇ!

ಅದಕ್ಕೊಂದು ನಿಯಮವಿತ್ತು. ಪರಿಸಲು ಹತ್ತಿಳಿಯುವ ಕಡವಿನಿಂದ ನೀರಿನ ನಡುವಿನ ದೊಡ್ಡಬಂಡೆಗೆ ಈಜಿ, ಮುಟ್ಟಿ, ನೇರ ವಾಪಸು ಬಂದವರಿಗಷ್ಟೇ ಹುಟ್ಟು. ಮಾವನವರ ಅಪ್ಪನ ಕಾಲದ ನಿಯಮ. ಹುಟ್ಟು ಹಿಡಿದವನು ಪರಿಸಲು ಮಗುಚಿದರೆ ಕೂತವರನ್ನು ದಡಕ್ಕೆ ತರಬೇಕಲ್ಲ, ಅದಕ್ಕೆ. ಗೌರಿ ಹದಿಮೂರನೇ ವಯಸ್ಸಿಗೇ ಮುಟ್ಟಿ ಬಂದಿದ್ದಳು. ನಾನು ಮಾತ್ರ "ಬಾವಿಯಲ್ಲಿ ಈಜಿದವನಿಗೆ ಇದೇನು ಮಹಾ, ಆಮೇಲೆ ನೋಡೋಣ" ಎನ್ನುತ್ತ ಒಂಬತ್ತು ವರ್ಷ ದೂಡಿದ್ದೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಪೊಂಗಲ್ ಮುಗಿಸಿ ಹೊರಡುವಾಗ ಗೌರಿ ಬಸ್ಸಿನಲ್ಲಿ ಮೆಲ್ಲಗೆ ಹೇಳಿದಳು.

"ಏನಂದ್ರೆ, ಅಪ್ಪ ಈ ಬ್ಯಾಸ್ಗೆ ಮುಗುದ್ರೆ ಪರಿಸಲು ನಿಲ್ಲಿಸ್ಬುಡ್ತಾರಂತೆ."

"ಯಾಕೆ?"

"ಸಾಕು ಅಂದ್ರು. ಅಷ್ಟೇ ಏಳಿದ್ದು." ಆಮೇಲೆ ಕಿಟಕಿಯ ಆಚೆ ನೋಡುತ್ತ, "ನೀವೊಬ್ರು ತುಡುಪು ಇಡೀಲೇ ಇಲ್ಲ ಅಲ್ವಾ. ಅಪ್ಪಂಗೆ ಒಳಗೊಳಗೇ ಆಸೆ ಇತ್ತು. ಬಾಯ್ಬಿಟ್ಟು ಕೇಳಲ್ಲ" ಅಂದಳು.

ಆ ಮಾತು ನನಗೆ ನಾಟಿತು. ನಾನು ಮೂಟೆಯ ಪಕ್ಕ ಕೂರುವುದನ್ನು ನೋಡಿ ಮಾವ ಒಳಗೇ ನಗುತ್ತಾರೆಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ಅವರು ಕಾಯುತ್ತಿದ್ದರು! ಬೇಸಿಗೆ ಮುಗಿಯುವುದರೊಳಗೆ ದೊಡ್ಡಬಂಡೆ ಮುಟ್ಟಿ, ಆ ಹುಟ್ಟನ್ನು ಅವರ ಕೈಯಿಂದಲೇ ಇಸಿದುಕೊಳ್ಳುತ್ತೇನೆಂದು ಕೊಳತ್ತೂರು ಬಸ್‌ ಸ್ಟಾಂಡಿನಲ್ಲಿ ಟೀ ಕುಡಿಯುತ್ತಾ ಶಪಥ ಮಾಡಿದೆ. ಟೀ ಚೆನ್ನಾಗಿತ್ತು.

ಮಾರ್ಚಿನಲ್ಲಿ ನೀರು ಇಳಿದು ಕಡವು ತಣ್ಣಗೆ ನಿಂತಿತ್ತು. ದೊಡ್ಡಬಂಡೆ ಕೂಗಿದರೆ ಕೇಳುವಷ್ಟು ದೂರ. ದಡದಲ್ಲಿ ಮಾವ, ಗೌರಿ, ಬಟ್ಟೆ ಒಗೆಯಲು ಬಂದ ನಾಲ್ಕಾರು ಹೆಂಗಸರು. ನಾನು ಲುಂಗಿ ಬಿಚ್ಚಿ, ಚಡ್ಡಿಯ ಲಾಡಿ ಬಿಗಿದು, ಎರಡೂ ತೋಳು ಗರಗರ ತಿರುಗಿಸಿ, "ಮಾವ, ತುಡುಪು ರೆಡಿ ಇಟ್ಕಳಿ" ಎಂದು ನೀರಿಗೆ ಹಾರಿದೆ.

ಎಂಥ ಈಜು! ತಲೆ ಎತ್ತಿ, ಎದೆ ಉಬ್ಬಿಸಿ, ಎರಡು ಕೈಯಲ್ಲೂ ನೀರನ್ನು ಬಡಿದೆ. ಕಣ್ಣಿಗೆ ನೀರು ಚಿಮ್ಮಿ ಏನೂ ಕಾಣದಾಯಿತು. ಕಾಣಬೇಕಾದ ಅಗತ್ಯವೂ ನನಗೆ ಕಾಣಲಿಲ್ಲ. ಬಾವಿಯಲ್ಲಿ ಯಾರು ದಾರಿ ನೋಡಿಕೊಂಡು ಈಜುತ್ತಾರೆ? ತೋಳು ಸೋತು, ಉಸಿರು ಕಟ್ಟಿ, ಇನ್ನೇನು ಆಗುವುದಿಲ್ಲ ಎನ್ನುವಾಗ ಬಲಗೈಗೆ ಕಪ್ಪಗೆ, ನುಣ್ಣಗೆ, ಒದ್ದೆಯಾಗಿ ಬಂಡೆ ತಾಗಿತು. ಪುಣ್ಯವೇ! ಎರಡು ಸಲ ಬಲವಾಗಿ ತಟ್ಟಿ, ಕೈ ಮೇಲೆತ್ತಿ, "ಮುಟ್ದೇ!" ಎಂದು ಕೂಗಿದೆ.

ಬಂಡೆ ಬುಸ್ ಎಂದು ಉಸಿರು ಬಿಟ್ಟು ಎದ್ದು ನಿಂತಿತು.

ಅದು ಅತ್ತೆಯವರ ಎಮ್ಮೆ. ನಾನು ಹಾರಿದ ಜಾಗದಿಂದ ಹತ್ತು ಮಾರು ಎಡಕ್ಕೆ, ಅದೇ ದಡದಲ್ಲಿ, ಮೊಣಕಾಲುದ್ದ ನೀರಿನಲ್ಲಿ ಮಲಗಿತ್ತು. ಅಷ್ಟು ಕೈ ಬಡಿದು ನಾನು ಮಾಡಿದ ಪ್ರಯಾಣ ಅಷ್ಟೇ! ಮೂವತ್ತು ವರ್ಷ ದುಂಡುಬಾವಿಯಲ್ಲಿ ಎಡಕ್ಕೆ ಸುತ್ತಿದ ಮೈ, ಗೋಡೆಯೇ ಇಲ್ಲದ ಕಾವೇರಿಯಲ್ಲೂ ಗೋಡೆಯ ಗುಂಟವೇ ಸುತ್ತಿ ಬಂದಿತ್ತು. ಬಟ್ಟೆ ಒಗೆಯುವ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಗೌರಿ ಮುಖ ಆ ಕಡೆ ತಿರುಗಿಸಿಕೊಂಡಳು, ಆದರೆ ಅವಳ ಭುಜ ಕುಣಿಯುತ್ತಿತ್ತು.

ಮಾವ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಬಂಡೆ ಅಲ್ಲೇ ಐತೆ ಮಾಪ್ಳೆ. ಎಲ್ಗೂ ಓಗಿಲ್ಲ" ಎಂದರು. ಟವಲು ಕೊಡುತ್ತಾ ಇನ್ನೊಂದು ಮಾತು ಸೇರಿಸಿದರು. "ನೀವು ಈಜ್ತಿರೋದು ಬರೀ ಕೈಯಾಗೆ. ಮಿಕ್ಕಿದ್ದೆಲ್ಲ ಲಗೇಜು."

ಆ ಮಾತು ನನ್ನನ್ನು ಧರ್ಮಪುರಿಯವರೆಗೂ ಬಿಡಲಿಲ್ಲ. ಲಗೇಜು! ಅಂದರೆ ಮೂಟೆಯ ಪಕ್ಕ ಕೂತು ಕೂತು, ನೀರಿನಲ್ಲೂ ನಾನು ನನ್ನದೇ ಮೂಟೆ ಎಳೆಯುತ್ತಿದ್ದೆ ಎಂದಾಯಿತು. ಇದಕ್ಕೆ ವೈಜ್ಞಾನಿಕ ಕ್ರಮ ಕೈಗೊಳ್ಳಲೇಬೇಕೆಂದು ತೀರ್ಮಾನಿಸಿದೆ. ಮುಂದಿನ ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿ, ತೊಪ್ಪೂರು ಘಾಟು ಇಳಿದು, ಸೇಲಂನ ಒಂದು ಈಜುಕೊಳಕ್ಕೆ ಹೋದೆ. ಅಲ್ಲಿ ದಪ್ಪ ಮೀಸೆಯ ಒಬ್ಬ ಮಾಸ್ಟರು ಕೊರಳಿಗೆ ಸೀಟಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು.

"ನೀಚ್ಚಲ್ ತೆರಿಯುಮಾ ಸಾರ್?" ಈಜು ಬರುತ್ತಾ ಎಂದು ಕೇಳಿದರು.

"ಸುಮಾರಾ ತೆರಿಯುಂ," ಸುಮಾರಾಗಿ ಬರುತ್ತದೆ ಎಂದೆ. ಎಮ್ಮೆಯ ನಂತರ ನನ್ನಲ್ಲಿ ಅಷ್ಟು ವಿನಯ ಬಂದಿತ್ತು.

ಒಂದನೇ ಸಾಲಿನಲ್ಲಿ ಹೊರಟೆ. ಎರಡನೇ ಸಾಲಿನಲ್ಲಿ ತಣ್ಣಗೆ ಅಂಗಾತ ತೇಲುತ್ತಿದ್ದ ಒಬ್ಬ ನಿವೃತ್ತ ಹೆಡ್‌ಮಾಸ್ಟರ ಹೊಟ್ಟೆಯ ಮೇಲೆ ಹಾದೆ. ಮೂರನೇ ಸಾಲಿನ ಹಗ್ಗಕ್ಕೆ ಸಿಕ್ಕಿಕೊಂಡೆ. ಬಿಡಿಸಿಕೊಂಡು ಮತ್ತೂ ಈಜಿ, ಕೊನೆಗೆ ಕೈಗೆ ಸಿಕ್ಕ ಮೆಟ್ಟಿಲು ಹಿಡಿದು ತಲೆ ಎತ್ತಿದರೆ, ಎದುರಿಗೆ ಅದೇ ಮಾಸ್ಟರು, ಅದೇ ಕುರ್ಚಿ!

"ಎನ್ನ ಸಾರ್, ತಿರುಂಬಿ ವಂದುಟ್ಟೀಂಗ?" ಯಾಕೆ ವಾಪಸು ಬಂದುಬಿಟ್ಟಿರಿ ಎಂದು ನಿಜವಾದ ಕಾಳಜಿಯಿಂದ ವಿಚಾರಿಸಿದರು.

ಅವರು ಒಳ್ಳೆಯ ಮನುಷ್ಯ. ಕುರ್ಚಿಯಲ್ಲೇ ಹೊರಳಿ ಹೊರಳಿ ತೋರಿಸಿ ವಿವರಿಸಿದರು. ಕೈ ಮಾತ್ರ ಸಾಲದು, ಉಡಂಬು ಪೂರಾ ಬಳಸಬೇಕು, ಅಂದರೆ ಮೈಯೆಲ್ಲ. ತಲೆ ನೀರೊಳಗಿರಬೇಕು, ಸೊಂಟ ಹೊರಳಬೇಕು, ಒದೆತ ತೊಡೆಯಿಂದ ಬರಬೇಕು, ಉಸಿರು ಎರಡೂ ಪಕ್ಕ ತೆಗೆದುಕೊಳ್ಳಬೇಕು. ಒಂದೇ ಪಕ್ಕ ತೆಗೆದುಕೊಂಡರೆ ಹೀಗೇ ವಾಪಸು ಕುರ್ಚಿಗೇ ಬರುತ್ತೀರಿ ಎಂದರು. ನಾನು ಎಲ್ಲವನ್ನೂ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.

ಸೋಮವಾರ ಕಚೇರಿಯಲ್ಲಿ ಕೈ ಬಿಡುವಾದಾಗ ಅದನ್ನು ಮೂರು ಪ್ರತಿಗಳಲ್ಲಿ ಟೈಪ್ ಮಾಡಿದೆ. ಸ್ವಿಮ್ಮಿಂಗಿನಲ್ಲಿ ಸಂಪೂರ್ಣ ಶರೀರದ ಬಳಕೆಯ ಕುರಿತು ಏಳು ಅಂಶಗಳು. ತಲೆಯು ನೀರಿನ ಒಳಗೆ ಇರತಕ್ಕದ್ದು. ಸೊಂಟವು ಎಡಕ್ಕೂ ಬಲಕ್ಕೂ ಹೊರಳತಕ್ಕದ್ದು. ಒದೆತವು ತೊಡೆಯಿಂದ ಹೊರಡತಕ್ಕದ್ದು, ಮಂಡಿಯಿಂದ ಹೊರಟರೆ ಅಸಿಂಧು. ಉಸಿರು ಮೂರು ಕೈಗೆ ಒಂದು ಸಲ ಮಂಜೂರಾಗತಕ್ಕದ್ದು. ಕೆಳಗೆ ಸಹಿ ಹಾಕುವುದೊಂದು ಬಾಕಿ. ಅಷ್ಟರಲ್ಲಿ ಹಿಂದೆ ಬಂದು ನಿಂತ ಸಾಹೇಬರು, ನಾನು ಕುರ್ಚಿಯಲ್ಲೇ ಸೊಂಟ ಎಡಕ್ಕೂ ಬಲಕ್ಕೂ ಹೊರಳಿಸಿ ನೋಡುತ್ತಿದ್ದದ್ದನ್ನು ಕಂಡು, ಮೂಲವ್ಯಾಧಿಗೆ ಒಂದು ಒಳ್ಳೆಯ ನಾಟಿ ಔಷಧಿಯ ಹೆಸರು ಹೇಳಿ ಹೋದರು.

ವಾರದ ಉಳಿದ ದಿನ ಅಭ್ಯಾಸಕ್ಕೆ ನೀರೆಲ್ಲಿ? ಮನೆಯ ಹಗ್ಗದ ಮಂಚದ ಮೇಲೆ ಬೋರಲು ಮಲಗಿದೆ. ಮುಖ ಮುಳುಗಿಸಲು ಮುಂದೆ ಸ್ಟೂಲಿನ ಮೇಲೆ ಒಂದು ಬೇಸಿನ್ ನೀರು. ಗೋಡೆಗೆ ಅಂಟಿಸಿದ ಪಟ್ಟಿ. ಒಂದರಿಂದ ಏಳರವರೆಗೆ ಎಲ್ಲವನ್ನೂ ಒಟ್ಟಿಗೇ ಜಾರಿಗೆ ತಂದೆ. ಮಂಚ ಕಿರಕಿರ ಎಂದಿತು. ಒಂದು ಕಾಲು ಹಿಂದಿನ ಗೂಡಿಗೆ ಬಡಿದು ರಾಗಿಹಿಟ್ಟಿನ ಡಬ್ಬ ನನ್ನ ಬೆನ್ನ ಮೇಲೇ ಮಗುಚಿತು. ಸದ್ದು ಕೇಳಿ ಪಕ್ಕದ ಮನೆಯ ಸರೋಜಕ್ಕ ಓಡಿ ಬಂದರು. ಬಾಗಿಲಲ್ಲಿ ನಿಂತು ನೋಡುತ್ತಾರೆ, ಮೈಯೆಲ್ಲ ಹಿಟ್ಟು ಬಳಿದ ಗಂಡಸೊಬ್ಬ ಮಂಚದ ಮೇಲೆ ಕೈಕಾಲು ಒದರುತ್ತಿದ್ದಾನೆ, ಮುಖ ಬೇಸಿನ್ನಿನೊಳಗಿದೆ!

"ಅಯ್ಯೋ ಗೌರೀ! ನಿಮ್ಮ ಯಜಮಾನ್ರಿಗೆ ಫಿಟ್ಸು!" ಎಂದು ಚೀರಿ, ಸೊಂಟದ ಬೀಗದಕೈ ಗೊಂಚಲು ಕಿತ್ತು ನನ್ನ ಮುಷ್ಟಿಯೊಳಗೆ ತುರುಕಿ ಅದುಮಿ ಹಿಡಿದರು. ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸು ನಿಲ್ಲುತ್ತದೆಂದು ನಮ್ಮ ಕಡೆ ನಂಬಿಕೆ. ನನ್ನ ಬಾಯಿ ತುಂಬ ನೀರು. "ಇಲ್ಲ ಅಕ್ಕ" ಎನ್ನಲು ಹೋದರೆ ಬಂದದ್ದು ಬುಳಬುಳ ಮಾತ್ರ. ಅದನ್ನು ಕೇಳಿ ಅವರು ಇನ್ನೂ ಬಿಗಿಯಾಗಿ ಹಿಡಿದರು.

ಗೌರಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಬಿಡಕ್ಕ. ಅವ್ರು ಈಜ್ತಾವ್ರೆ" ಎಂದಳು, ಮಂಚದ ಮೇಲೆ ಈಜುವುದು ಎಲ್ಲರ ಮನೆಯಲ್ಲೂ ನಡೆಯುವಂತೆ. ಸರೋಜಕ್ಕ ಒಪ್ಪಲಿಲ್ಲ. ಬೀಗದಕೈ ನನ್ನ ಹತ್ತಿರವೇ ಇರಲಿ, ಸಾಯಂಕಾಲ ಇಸಿದುಕೊಳ್ಳುತ್ತೇನೆ ಎಂದು ಹೋದರು.

ಭಾನುವಾರ ಕೊಳದಲ್ಲಿ ಪರೀಕ್ಷೆ. ತಲೆ, ಭುಜ, ಮೊಣಕೈ, ಸೊಂಟ, ತೊಡೆ, ಪಾದ, ಉಸಿರು. ಏಳು ಇಲಾಖೆಗಳಿಗೂ ಏಕಕಾಲದಲ್ಲಿ ಆದೇಶ ಹೊರಡಿಸಿದೆ. ಯಾರ ಆದೇಶ ಯಾರಿಗೆ ತಲುಪಿತೋ! ಸೊಂಟ ಹೊರಳಿದಾಗ ಭುಜ ಹೊರಳಲಿಲ್ಲ, ಉಸಿರು ಮಂಜೂರಾದಾಗ ಬಾಯಿ ನೀರೊಳಗಿತ್ತು. ಮೊದಲೆಲ್ಲ ಸುತ್ತಾದರೂ ಹೊಡೆಯುತ್ತಿದ್ದವನು ಈಗ ಶಿಸ್ತಾಗಿ, ನೇರವಾಗಿ, ಕೆಳಕ್ಕೆ ಹೋದೆ. ಮಾಸ್ಟರು ಬಿದಿರಿನ ಗಳ ಚಾಚಿ ನನ್ನನ್ನು ಎಳೆದುಕೊಂಡರು.

"ಸಾರ್, ತನಿತ್ತನಿಯಾ ಇಲ್ಲೆ. ಎಲ್ಲಾಂ ಒಣ್ಣಾ ವರಣುಂ" ಎಂದರು. ಬೇರೆ ಬೇರೆಯಾಗಿ ಅಲ್ಲವಂತೆ, ಎಲ್ಲ ಒಂದಾಗಿ ಬರಬೇಕಂತೆ. ಹೇಗೆ ಒಂದಾಗಬೇಕೆಂದು ಕೇಳಿದೆ. ಅವರು ಮೀಸೆ ಸವರಿಕೊಂಡು ಆಲೋಚಿಸಿ, "ಅದು ಪಾತ್ತಾತ್ತಾನ್ ಪುರಿಯುಂ" ಎಂದರು. ನೋಡಿಯೇ ತಿಳಿಯಬೇಕು. ಯಾರನ್ನು ನೋಡಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮತ್ತೂ ನಾಲ್ಕು ಭಾನುವಾರ ಸೇಲಂನ ನೀರು ಕುಡಿದು ಬಂದೆ.

ಮೇ ತಿಂಗಳ ಕೊನೆಗೆ ಗೌರಿಯ ತಮ್ಮನಿಂದ ಸುದ್ದಿ ಬಂತು. ಆ ವಾರವೇ ಪರಿಸಲಿನ ಕೊನೆಯ ಓಡಾಟ. ರಜೆ ಹಾಕಿ ಇಬ್ಬರೂ ಹೊರಟೆವು. ಆಚೆ ದಡದಿಂದ ಎರಡು ಮೂಟೆ ರಾಗಿ ತರಬೇಕಿತ್ತು. ಮಾವ ಹೊರಟರು, ಗೌರಿ ಹೊರಟಳು, ನಾನೂ ಹತ್ತಿದೆ.

"ನಡೂಕೆ ಕೂತ್ಕಳಿ ಮಾಪ್ಳೆ" ಎಂದರು. ಕೂತೆ. ಹೋಗುವಾಗ ಮೂಟೆಯೂ ಇರಲಿಲ್ಲ. ನಾನೊಬ್ಬನೇ ಲಗೇಜು.

ಮುಖ ಸಪ್ಪಗೆ ಮಾಡಿಕೊಂಡು ಮಾವನವರ ತೋಳನ್ನೇ ನೋಡುತ್ತಿದ್ದೆ. ಸಣಕಲು ತೋಳು. ಇಷ್ಟು ಸಣ್ಣ ತೋಳಿನಿಂದ ಇಷ್ಟು ದೊಡ್ಡ ಬುಟ್ಟಿಯನ್ನು ಹೇಗೆ ಎಳೆಯುತ್ತಾರೆ? ಗೌರಿ ನನ್ನ ಕಣ್ಣು ಎಲ್ಲಿದೆಯೆಂದು ಕಂಡಳು.

"ಕೈ ನೋಡ್ಬೇಡಿ" ಎಂದಳು. "ಕೈ ನೋಡಿ ಏನೂ ಗೊತ್ತಾಗಕಿಲ್ಲ. ಅಪ್ಪನ ಕಾಲ್ ಎಬ್ಬೆಟ್ಟು ನೋಡಿ."

ನೋಡಿದೆ. ಮಾವ ಮಂಡಿಯೂರಿ ಕೂತಿದ್ದರು. ಬಲಗಾಲಿನ ಹೆಬ್ಬೆರಳು ಪರಿಸಲಿನ ತಳದ ಒಂದು ಬಿದಿರು ದಬ್ಬೆಯನ್ನು ಕಚ್ಚಿ ಹಿಡಿದಿತ್ತು. ಪ್ರತಿ ಸಲವೂ ಮೊದಲು ಒತ್ತುತ್ತಿದ್ದದ್ದು ಆ ಬೆರಳು. ಅದು ಒತ್ತಿದಾಗ ಮೀನಖಂಡ ಬಿಗಿಯುತ್ತಿತ್ತು, ಆಮೇಲೆ ತೊಡೆ, ತೊಡೆಯ ಹಿಂದೆಯೇ ಸೊಂಟ ಮೆಲ್ಲಗೆ ಹೊರಳುತ್ತಿತ್ತು, ಬೆನ್ನು ಅದರ ಜೊತೆಗೇ ಬರುತ್ತಿತ್ತು. ಕೊನೆಯಲ್ಲಿ, ಎಲ್ಲರೂ ಕೆಲಸ ಮುಗಿಸಿದ ಮೇಲೆ, ಕೈ ಸುಮ್ಮನೆ ಹಿಂದೆ ಬಂದು ಹುಟ್ಟನ್ನು ನೀರಿನಿಂದ ಎತ್ತುತ್ತಿತ್ತು. ಒಂದು ಕಡೆಯೂ ತುಂಡಾಗಲಿಲ್ಲ, ಒಂದು ಕಡೆಯೂ ಆತುರವಿಲ್ಲ. ದುಂಡನೆಯ ಬುಟ್ಟಿ, ಒಂದೇ ಹುಟ್ಟು, ತಾನಾಗಿ ಬಿಟ್ಟರೆ ಗಿರಗಿರ ತಿರುಗುವ ವಸ್ತು. ಅದು ದಾರ ಹಿಡಿದಂತೆ ನೇರ ಹೋಗುತ್ತಿತ್ತು! ಒಂಬತ್ತು ವರ್ಷ ಅವರ ಎದುರಿಗೇ ಕೂತಿದ್ದೆ. ಕಣ್ಣ ಮುಂದಿದ್ದ ವಿದ್ಯೆಯನ್ನು ಹುಡುಕಿಕೊಂಡು ಸೇಲಂಗೆ ಬಸ್ಸು ಹತ್ತಿದ್ದೆ!

"ಮಾವ, ಕೈ ನೋಯಲ್ವಾ ನಿಮಗೆ?" ಎಂದು ಕೇಳಿದೆ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಂದ ಬಂತು.

"ಕೈ ಎಲ್ಲೈತೆ?" ಎಂದರು ಮಾವ. "ಬಲಗೈ ಓಗಿ ಎರಡು ವರ್ಸ ಆತು."

ಹುಟ್ಟನ್ನು ಎಡಗೈಗೆ ಕೊಟ್ಟು, ಬಲಗೈ ಎತ್ತಿ ತೋರಿಸಿದರು. ಎದೆಯವರೆಗೆ ಬಂತು, ಅಲ್ಲೇ ನಿಂತಿತು. ಗೌರಿಯ ಮುಖ ಬಿಳಿಚಿಕೊಂಡಿತು. ಅವಳಿಗೂ ಗೊತ್ತಿರಲಿಲ್ಲ.

"ಅಪ್ಪಾ! ಯಾಕೆ ಏಳ್ಲಿಲ್ಲ?"

"ಏಳಿದ್ರೆ ನಿಲ್ಸು ಅಂತಿದ್ರಿ. ಇನ್ನ ಎರಡು ಬ್ಯಾಸ್ಗೆ ಓಡಿಸ್ಬೋದು ಅನ್ಸ್ತು, ಓಡಿಸ್ದೆ. ಮಿಕ್ಕಿದ ಮೈ ಐತಲ್ಲ, ಪರವಾಯಿಲ್ಲೆ."

ಎರಡು ವರ್ಷ ಈ ಮನುಷ್ಯ ಒಂದು ಕೈಯಿಲ್ಲದೆ ನಮ್ಮನ್ನೆಲ್ಲ ದಾಟಿಸಿದ್ದರು, ಹತ್ತಿದ ಒಬ್ಬರಿಗೂ ತಿಳಿಯದಂತೆ. ನನಗೆ ಅವರ ಮೇಲೆ ಮೊದಲಿನಿಂದ ಇದ್ದದ್ದು ಭಯ. ಆ ಗಳಿಗೆಯಲ್ಲಿ ಅದು ಭಕ್ತಿಯಾಯಿತು ಎಂದರೆ ಹೆಚ್ಚಾಯಿತು ಅನ್ನಬೇಡಿ. ಕಾಲಿಗೆ ಬೀಳಬೇಕೆನಿಸಿತು. ಆದರೆ ಅಲ್ಲಾಡಬಾರದೆಂದು ಅಪ್ಪಣೆಯಾಗಿತ್ತು.

ಮೂಟೆಗಳನ್ನು ಹೇರಿಕೊಂಡು ವಾಪಸು ಬಂದು ದಡ ಮುಟ್ಟಿದ ಕೂಡಲೇ ನಾನು ಅಂಗಿ ಬಿಚ್ಚಿದೆ.

"ಮಾವ, ಇನ್ನೊಂದ್ಸಲ ನೋಡ್ತೀನಿ."

"ಎಮ್ಮೆ ಕಟ್ಟಾಕ್ಲಾ?" ಎಂದಳು ಗೌರಿ.

"ಇರಲಿ ಬಿಡು."

ಈ ಸಲ ತೋಳು ತಿರುಗಿಸಲಿಲ್ಲ, ಮಾತಾಡಲಿಲ್ಲ. ನೀರಿನಲ್ಲಿ ಉದ್ದಕ್ಕೆ ಮಲಗಿ, ಏಳು ಅಂಶಗಳನ್ನೂ ಮರೆತು, ಕಾಲಿನ ಹೆಬ್ಬೆರಳನ್ನು ಮಾತ್ರ ನೆನೆದೆ. ಅದನ್ನು ಚಾಚಿ ಒತ್ತಿದೆ. ತೊಡೆ ತಾನಾಗಿ ಬಂತು. ತೊಡೆಯ ಹಿಂದೆ ಸೊಂಟ ಹೊರಳಿತು, ಭುಜ ತಾನೇ ನೀರಿನಿಂದ ಎದ್ದಿತು, ಕೈ ಮುಂದೆ ಹೋಗಿ ಮಲಗಿತು. ಮೈ ಪಕ್ಕಕ್ಕೆ ವಾಲಿದಾಗ ಬಾಯಿ ತಾನಾಗಿ ಗಾಳಿಗೆ ಸಿಕ್ಕಿತು! ಇಷ್ಟು ದಿನ ಕತ್ತು ತಿರುಚಿ ಕಿತ್ತುಕೊಳ್ಳುತ್ತಿದ್ದ ಉಸಿರು ಈಗ ಬಿಟ್ಟಿಯಾಗಿ ಬರುತ್ತಿತ್ತು. ಇನ್ನೊಂದು ಕಾಲು, ಇನ್ನೊಂದು ಪಕ್ಕ. ನೀರು ಬಡಿಯುವ ಸದ್ದೇ ಇಲ್ಲ. ನಾನು ಈಜುತ್ತಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬಂತು. ಹಾಗೆ ಅನುಮಾನಿಸುತ್ತಿರುವಾಗ ಕೈಗೆ ಒರಟಾದ, ಬಿಸಿಲಿಗೆ ಕಾದ, ಉಸಿರಾಡದ ಬಂಡೆ ತಗುಲಿತು.

ಎರಡು ನಿಮಿಷ ಅದನ್ನು ತಟ್ಟಿ ನೋಡಿದೆ. ಏಳಲಿಲ್ಲ. ಬಂಡೆಯೇ!

ಸಂತೋಷ ಒಳ್ಳೆಯದಲ್ಲ. ವಾಪಸು ಬರುವಾಗ ನನಗೆ ಬಹಳ ಸಂತೋಷವಾಗಿತ್ತು, ಹೆಬ್ಬೆರಳು ಮರೆತುಹೋಯಿತು, ತಲೆ ಎದ್ದಿತು, ತಾತನ ಬಾವಿ ನೆನಪಾಯಿತು. ಮೈ ಎಡಕ್ಕೆ ವಾಲತೊಡಗಿತು. ದೂರದಲ್ಲಿ ಎಮ್ಮೆ ನನ್ನನ್ನು ಗುರುತಿಸಿ ಎದ್ದು ನಿಂತದ್ದು ಕಂಡಿತು.

"ಎಬ್ಬೆಟ್ಟು! ಏನಂದ್ರೆ, ಎಬ್ಬೆಟ್ಟು!" ದಡದಿಂದ ಗೌರಿ ಎರಡೂ ಕೈ ಬಾಯಿಯ ಸುತ್ತ ಹಿಡಿದು ಕೂಗುತ್ತಿದ್ದಳು. ಬಟ್ಟೆ ಒಗೆಯುವ ಹೆಂಗಸರೂ ಸೇರಿಕೊಂಡು "ಎಬ್ಬೆಟ್ಟು! ಎಬ್ಬೆಟ್ಟು!" ಎಂದರು. ಒಬ್ಬ ಟೈಪಿಸ್ಟಿನ ಕಾಲ್ಬೆರಳಿಗೆ ಇಷ್ಟು ಜಯಕಾರ ಎಲ್ಲಿಯೂ ಸಿಕ್ಕಿರಲಾರದು. ತಲೆ ತಗ್ಗಿಸಿದೆ, ಬೆರಳು ಒತ್ತಿದೆ, ಮೈ ನೇರವಾಯಿತು. ಹೊರಟ ಕಲ್ಲಿಗೇ ಬಂದು ಸೇರಿದೆ.

ಮಾವ ನೀರಿನಂಚಿಗೆ ಇಳಿದು ಬಂದರು. ಹುಟ್ಟನ್ನು ಎಡಗೈಯಲ್ಲಿ ಎತ್ತಿ, ಬಲಗೈಯನ್ನೂ ಆದಷ್ಟು ಎತ್ತಿ ಜೊತೆಗೆ ತಾಗಿಸಿ, ಎರಡೂ ಕೈಯಲ್ಲಿ ನನಗೆ ಕೊಟ್ಟರು. ಹಿಡಿ ಸವೆದು ಅವರ ಬೆರಳುಗಳ ಗುರುತು ಗುಳಿಯಾಗಿತ್ತು. ನನ್ನ ಬೆರಳುಗಳನ್ನು ಆ ಗುಳಿಗಳಲ್ಲಿ ಇಟ್ಟೆ. ಕಣ್ಣು ಒದ್ದೆಯಾಯಿತು, ಅದೃಷ್ಟಕ್ಕೆ ಮೈಯೆಲ್ಲ ಒದ್ದೆಯಿತ್ತು.

ಮೂಟೆಗಳು ಇನ್ನೂ ಪರಿಸಲಿನಲ್ಲೇ ಇದ್ದವು. ನಾನು ಹುಟ್ಟು ಹಾಕುವುದನ್ನು ನೋಡಲೆಂದು ಮಾವ ಹತ್ತಿದರು. ಅಂಚಿಗೆ ಹೋಗಲು ನೋಡಿದವರು ಸ್ವಲ್ಪ ತಡೆದು, ನಡುವೆ ಬಂದು, ಮೂಟೆಯ ಪಕ್ಕ ಕೂತರು. ಹುಟ್ಟಿದಾಗಿನಿಂದ ಅವರು ಆ ಜಾಗದಲ್ಲಿ ಕೂತದ್ದು ಅದೇ ಮೊದಲು. ಗೌರಿ ಅಂಚಿನಲ್ಲಿ ಕೂತಳು. ನಾನು ಮಂಡಿಯೂರಿ, ಹೆಬ್ಬೆರಳಿನಿಂದ ದಬ್ಬೆ ಕಚ್ಚಿ, ಎದೆ ಉಬ್ಬಿಸಿದೆ.

"ಮಾವ," ಎಂದೆ ಗಂಭೀರವಾಗಿ, "ಅಲ್ಲಾಡ್ಬೇಡಿ."

ಮೈಯೆಲ್ಲ ಸೇರಿಸಿ ಒಂದು ಹುಟ್ಟು ಎಳೆದೆ. ಎಳೆತ ಅದ್ಭುತವಾಗಿ ಬಂತು. ಬೆರಳು, ತೊಡೆ, ಸೊಂಟ, ಬೆನ್ನು, ಕೈ, ಒಂದರ ಹಿಂದೊಂದು, ಮಾವನವರ ಹಾಗೆಯೇ! ಪರಿಸಲು ಎಡಕ್ಕೆ ಗಿರ್ರನೆ ಒಂದು ಸುತ್ತು ಹೊಡೆಯಿತು. ಸರಿಪಡಿಸಲು ಇನ್ನೂ ಬಲವಾಗಿ ಎಳೆದೆ. ಎರಡು ಸುತ್ತು. ಈಗ ನನ್ನಲ್ಲಿ ಇಡೀ ಮೈಯ ಶಕ್ತಿ ಇತ್ತು, ಎಲ್ಲವೂ ಸುತ್ತುವುದಕ್ಕೇ ಹೋಯಿತು. ಪಾಲಮಲೆ ಬಂತು, ಹೋಯಿತು, ದೊಡ್ಡಬಂಡೆ ಬಂತು, ಹೋಯಿತು, ಎಮ್ಮೆ ಬಂತು, ಮತ್ತೆ ಪಾಲಮಲೆ! ನಾನು ಎಳೆಯುವುದನ್ನು ನಿಲ್ಲಿಸಿದರೂ ಪರಿಸಲು ನಿಲ್ಲಿಸಲಿಲ್ಲ.

ನಡುವೆ ಮಾವ ರಾಗಿಮೂಟೆಯನ್ನು ಎಡಗೈಯಿಂದ ಅಪ್ಪಿ ಹಿಡಿದು, ಕಣ್ಣು ಮುಚ್ಚಿದ್ದರು. ಮುಖ ಹಸಿರಾಗಿತ್ತು. ಬಹಳ ಹೊತ್ತಿನ ಮೇಲೆ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದರು. ಅವರು ನಗುತ್ತಿದ್ದರು. ಒಂಬತ್ತು ವರ್ಷದಲ್ಲಿ ಮೊದಲ ಸಲ, ಹಲ್ಲು ಕಾಣುವಂತೆ!

"ಮಾಪ್ಳೆ," ಎಂದರು, "ನಡೂಕೆ ಕೂತ್ರೆ ಇಷ್ಟು ತಲೆ ಸುತ್ತುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ. ಒಂಬತ್ ವರ್ಸ ಎಂಗೆ ಕೂತಿದ್ರೀ?"

ನನಗೂ ತಲೆ ಸುತ್ತುತ್ತಿತ್ತು. ಗೌರಿ ಎದ್ದು, ನನ್ನ ಕೈಯಿಂದ ಹುಟ್ಟು ಬಿಡಿಸಿಕೊಂಡಳು. ಸೀರೆಯನ್ನು ಮಂಡಿಗೆ ಸಿಕ್ಕಿಸಿ, ಹೆಬ್ಬೆರಳಿನಿಂದ ದಬ್ಬೆ ಹಿಡಿದು, ಒಂದು ಎಳೆದಳು. ಬೆಟ್ಟ ನಿಂತಿತು. ಎರಡನೇ ಎಳೆತಕ್ಕೆ ಪರಿಸಲು ದಾರ ಹಿಡಿದಂತೆ ಹೊರಟಿತು. ನಾನು ತೆವಳಿಕೊಂಡು ನಡುವಿಗೆ ಬಂದು, ಮೂಟೆಯ ಈ ಪಕ್ಕ ಕೂತೆ. ಆ ಪಕ್ಕ ಮಾವ ಇದ್ದರು. ಅವರು ಬಲಗೈಯನ್ನು, ಆ ಎತ್ತಲಾಗದ ಕೈಯನ್ನು, ಎಡಗೈಯಿಂದ ಎತ್ತಿ, ಮೂಟೆಯ ಮೇಲಿಂದ ನನ್ನ ಭುಜದ ಮೇಲೆ ಇಟ್ಟರು.

"ಇಬ್ರೂ ಸುಮ್ಕೆ ಕೂತ್ಕಳಿ," ಎಂದಳು ಗೌರಿ, ತಿರುಗಿಯೂ ನೋಡದೆ. "ಅಲ್ಲಾಡ್ಬೇಡಿ."